ಮುಂದಕ್ಕೆ ಸರಿದ ಸೀಟು

ನೀನು ಓಡಿಸೋ ಕಾರಲ್ಲಿ ಕೂರೋದಕ್ಕಿಂತ ಹೆಣವಾಗಿ ಬಿದ್ದಿರೋದು ಮೇಲು, ಪರದೆ ಹೊಲಿಯೋ ಕೈಗೆ ಸ್ಟೇರಿಂಗು ಬೇರೆ ಕೇಡು — ಅಂದುಬಿಟ್ಟಿದ್ದ, ಅಂದ ಮೇಲೆ ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಅವನ ಕಣ್ಣು ಮೇಜಿನ ಮೇಲೆ ಹರಡಿದ ನಕಾಶೆಗೆ ಇಳಿದಿತ್ತು, ದಕ್ಷಿಣ ಕರಾವಳಿಯ ಉದ್ದಕ್ಕೂ ಅವಳು ಚುಚ್ಚಿದ್ದ ಗುಂಡುಸೂಜಿಗಳು, ಕೆಂಪು ತಲೆಯವು ರಾತ್ರಿ ತಂಗುವ ಊರು, ಬಿಳಿಯವು ಮಧ್ಯಾಹ್ನದ ಊಟ, ನಡುವಿನ ನಾಲ್ಕೈದು ಸೂಜಿ ಮಾತ್ರ ಕಾಣುತ್ತವೆ, ಆ ತುದಿ ಈ ತುದಿಯವಕ್ಕೆ ಕತ್ತು ತಿರುಗಿಸಬೇಕು, ತಿರುಗಿಸಿದರೆ ಇವಳಿಗೆ ಗೊತ್ತಾಗುತ್ತದೆ, ತಿರುಗಿಸಲಿಲ್ಲ. ಬೇಸಿಗೆ ಮುಗಿಯೋದರೊಳಗೆ ಹೋಗಿಬರೋಣ ರೀ, ಮಳೆ ಹಿಡ್ಕೊಂಡ್ರೆ ಕಡಲು ಕಾಣಲ್ಲ, ಅಂತ ಅವಳು ಶುರು ಮಾಡಿದಾಗ ಅವನೂ ಉಬ್ಬಿದ್ದ, ಎಲ್ಲಿ ನೆರಳಿದೆ, ಎಲ್ಲಿ ಘಟ್ಟ ಇಳಿಯುವಾಗ ಬ್ರೇಕು ಕಾಯುತ್ತೆ ಎಂದು ಬೆರಳಿಟ್ಟು ಹೇಳಿದ್ದ, ಇಪ್ಪತ್ತೆರಡು ವರ್ಷ ಅದೇ ರಸ್ತೆಯಲ್ಲಿ ಬಸ್ಸು ಓಡಿಸಿದವನು, ದೀಪಸ್ತಂಭ ದಾಟಿದ ಮೇಲಿನ ತಿರುವಿನಲ್ಲಿ ಕಡಲು ಒಮ್ಮೆಲೇ ಎದ್ದು ನಿಂತ ಹಾಗೆ ಬರುತ್ತದೆ, ಬಸ್ಸಿಗೆ ಬಸ್ಸೇ ಬಾಯಿ ತೆರೆಯುತ್ತದೆ, ನಿದ್ದೆ ಮಾಡುವವನೂ ಏಳುತ್ತಾನೆ, ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಹೇಳಿ, ಮುಂದಿನ ವರ್ಷ ನಿನ್ನ ಕರ್ಕೊಂಡು ಹೋಗ್ತೀನಿ ಕಣೇ ಅಂದಿದ್ದು, ಆ ಮುಂದಿನ ವರ್ಷ ಬರಲೇ ಇಲ್ಲ, ಒಮ್ಮೆ ರಜೆ ಇಲ್ಲ, ಒಮ್ಮೆ ಅಮ್ಮನಿಗೆ ಹುಷಾರಿಲ್ಲ, ಒಮ್ಮೆ ಸುಮ್ಮನೆ — ದಿನಾ ಓಡಿಸೋ ರಸ್ತೆಗೆ ರಜೆಯಲ್ಲೂ ಯಾವನು ಹೋಗ್ತಾನೆ. ಎಲ್ಲ ಸರಿಯಾಗಿಯೇ ಇತ್ತು, ಇವತ್ತು ಅವಳು ಕೊನೆಯ ಸೂಜಿ ಚುಚ್ಚಿ, ಕಾರು ನಾನು ಓಡಿಸ್ತೀನಿ ಅನ್ನುವವರೆಗೆ.

ಕೂಗಾಡುವ ಹೆಂಗಸಲ್ಲ, ಕೂಗಾಡಿದ್ದರೆ ಇವನಿಗೂ ಹಾದಿ ಸಲೀಸು, ಅವಳು ಸೂಜಿಯ ಡಬ್ಬಿಗೆ ಮುಚ್ಚಳ ಹಾಕಿದಳು. ನೀವಾಗೇ ಹೇಳ್ತೀರ ಅಂತ ಕಾಯ್ತಾ ಇದ್ದೆ, ಅಂದಳು. ಏನನ್ನು ಹೇಳ್ಬೇಕಿತ್ತು. ಕಣ್ಣಿನ ವಿಷಯ. ಯಾವ ಕಣ್ಣು, ಬೆನ್ನುನೋವು ಅಂತ ನಾನೇ ಕೇಳ್ಕೊಂಡು ಬಸ್ಸು ಬಿಟ್ಟು ಡಿಪೋದೊಳಗೆ ಕೆಲಸ ಹಾಕಿಸ್ಕೊಂಡೆ, ಟೈರಿಗೆ ಗಾಳಿ ನೋಡೋದು ಏನು ಕೀಳು ಕೆಲಸವಾ — ಗಂಟಲು ಎತ್ತರಕ್ಕೆ ಹೋಯಿತು, ಸುಳ್ಳಿಗೆ ಯಾವತ್ತೂ ಗಂಟಲು ಜಾಸ್ತಿ ಬೇಕು. ಹೋದ ವಾರ ನೀವು ಕಾಫಿ ಲೋಟವನ್ನ ಮೇಜಿನ ಆಚೆ ಇಟ್ರಿ, ಗಾಳೀಲಿ, ಅಂದಳು, ಅದು ಒಡೆದಾಗ ಯಾರಿಗೆ ಬೈದ್ರಿ ನೆನಪಿದೆಯಾ. ನೆನಪಿದೆ, ಅವಳಿಗೇ. ಡಾಕ್ಟರು ಹಾಳೆಯ ಮೇಲೆ ಗುಂಡಗೆ ಗೀಟು ಎಳೆದು ತೋರಿಸಿದ್ದರು, ಕತ್ತಲೆ ಅಂಚಿನಿಂದ ಒಳಗೆ ಬರುತ್ತೆ, ಮುಂದಿನ ಬೇಸಿಗೆ ಹೊತ್ತಿಗೆ ಎಷ್ಟು ಉಳಿಯುತ್ತೋ ಹೇಳೋಕಾಗಲ್ಲ, ಅದನ್ನು ಇವಳಿಗೆ ಯಾರು ಊದಿದರು, ಯಾರೂ ಊದಬೇಕಿಲ್ಲ, ಒಂದೇ ಮನೆಯಲ್ಲಿ ಇರುವವಳು. ಕಾರು ಓಡಿಸೋದು ನಿಮ್ಮ ತಂಗೀನೇ ಕಲಿಸಿದ್ದು, ಒಂದು ತಿಂಗಳಿಂದ, ನೀವು ಡಿಪೋಗೆ ಹೋದ ಮೇಲೆ ನಮ್ಮ ಕಾರಲ್ಲೇ. ತಂಗಿಯೂ ಸೇರಿದಳಾ ಇದರಲ್ಲಿ, ಟ್ಯಾಕ್ಸಿ ಓಡಿಸುವ ಗಂಡುಬೀರಿ, ಇಬ್ಬರೂ ಕೂಡಿ ನನ್ನ ಮೂಲೆಗೆ ಕೂರಿಸೋಕೆ — ಇದೂ ಬಾಯಿಂದ ಹೊರಗೇ ಬಿತ್ತೋ ಏನೋ. ಮೂಲೆಗಲ್ಲ, ಕಿಟಕಿಗೆ, ಅಂದಳು. ಇಷ್ಟು ವರ್ಷ ನೀವು ರಸ್ತೆ ನೋಡಿದ್ದೀರಿ, ಕಡಲು ನೋಡಿಲ್ಲ. ಆ ತಿರುವಲ್ಲಿ ಒಂದು ಸಲ ನೀವೂ ನೋಡ್ಲಿ ಅಂತ ಕಲಿತೆ.

ಆಗ ಸುಮ್ಮನಿರಬೇಕಿತ್ತು, ಅಥವಾ ಕೂರಬೇಕಿತ್ತು, ಕುರ್ಚಿ ಅಲ್ಲೇ ಇತ್ತು, ಅವನು ಅಂದದ್ದು — ಕುರುಡನ್ನ ಸಾಕೋ ಪುಣ್ಯ ಬೇಕಾಗಿಲ್ಲ ನಿನಗೆ, ಹೋಗು. ಅಂದು ಮತ್ತೆ ನಕಾಶೆಯನ್ನೇ ನೋಡಿದ, ನಡುವಿನ ನಾಲ್ಕೈದು ಸೂಜಿ, ಅವಳು ಎದ್ದದ್ದು ಕಾಣಲಿಲ್ಲ, ಒಳಗೆ ಹೋಗಿ ಚೀಲ ತಂದದ್ದು ಕಾಣಲಿಲ್ಲ, ಕತ್ತಲೆಯ ಅಂಚಿನಲ್ಲೇ ನಡೆದುಹೋಗಿದ್ದಳು, ಬಾಗಿಲಿನ ಸದ್ದು ಕೇಳಿ ತಿರುಗಿದಾಗ ಪರದೆ ಅಲ್ಲಾಡುತ್ತಿತ್ತು, ಅವಳೇ ಹೊಲಿದ ಪರದೆ. ಬರುತ್ತಾಳೆ ಎಲ್ಲಿಗೆ ಹೋಗುತ್ತಾಳೆ, ಸಂಜೆಗೆ ಬರುತ್ತಾಳೆ, ಅವಳ ಕನ್ನಡಕ ಇಲ್ಲೇ ಇದೆ — ಕನ್ನಡಕ ಇರಲಿಲ್ಲ. ಮರುದಿನ ತಂಗಿಗೆ ಫೋನು, ಅವಳಿಗೂ ಇವನದೇ ಬಾಯಿ, ಅತ್ತಿಗೆ ನನ್ನ ಟ್ಯಾಕ್ಸಿ ತಗೊಂಡು ಹೋದ್ರು ಕಣೋ, ಕಡಲ ಕಡೆಗೆ, ಒಬ್ರೇ. ವಾಪಸು ಬರೋ ಮಾತು? ಅಂದ. ಟ್ಯಾಕ್ಸಿ ಕಳಿಸಿಕೊಡ್ತೀನಿ ಅಂದಿದ್ದಾರೆ. ಅವಳು? ಟ್ಯಾಕ್ಸಿ ಅಂದೆನಲ್ಲ ಅಣ್ಣ, ಅಂದಳು ತಂಗಿ.

ಟ್ಯಾಕ್ಸಿ ಯಾರೋ ತಂದುಬಿಟ್ಟರು, ಬಿಸಿಲು ಸಣ್ಣಗಾಯಿತು, ನಕಾಶೆಯ ಸೂಜಿಗಳನ್ನು ಅವನು ಕೀಳಲಿಲ್ಲ, ಒಂದು ಬೆಳಿಗ್ಗೆ ಎಂಜಿನ್ ಸತ್ತೇಹೋದೀತು ಎಂದು ಕಾರಿಗೆ ಹೋಗಿ ಕೂತ, ಕೂರಲಾಗಲಿಲ್ಲ, ಮೊಣಕಾಲು ಸ್ಟೇರಿಂಗಿಗೆ ಹೊಡೆಯಿತು — ಸೀಟು ಮುಂದಕ್ಕೆ ಸರಿದಿತ್ತು. ಅವಳು ಕಲಿತ ಆ ತಿಂಗಳೆಲ್ಲ ಹೀಗೇ ಇರುತ್ತಿತ್ತಲ್ಲ, ದಿನಾ ಬೆಳಿಗ್ಗೆ ಬಂದು ಎಂಜಿನ್ ಚಾಲೂ ಮಾಡಿ ಅದರ ಸದ್ದು ಕೇಳುವ ಚಟ, ದಿನಾ ಸೀಟು ಮುಂದೆ, ದಿನಾ ಅವನು ಸೀಟಿನ ಕೆಳಗಿನ ಹಿಡಿ ಎತ್ತಿ ಕಟಕ್ ಎಂದು ಹಿಂದಕ್ಕೆ ತಳ್ಳಿ ಕೂತದ್ದೇ, ಡಿಪೋದಲ್ಲಿ ಒಬ್ಬ ಇಳಿದರೆ ಇನ್ನೊಬ್ಬ ಹತ್ತುತ್ತಾನೆ, ಮುಂಚೆ ಕೂತವನು ಕುಳ್ಳನೋ ಉದ್ದನೆಯವನೋ ಯಾರೂ ಕೇಳುವುದಿಲ್ಲ, ತಳ್ಳಿಕೊಂಡು ಹೊರಡುವುದೇ ಅಭ್ಯಾಸ, ತನ್ನ ಮನೆಯ ಕಾರಿನಲ್ಲಿ ಯಾರು ಕೂತಿದ್ದರೆಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ, ಅವಳು ಪೆಡಲು ಎಟುಕಲು ಇಂಚಿಂಚು ಮುಂದೆ ಬಂದಿದ್ದಳು, ಇವನು ಕಟಕ್, ಅವಳು ಮತ್ತೆ ಮುಂದೆ, ಇವನು ಕಟಕ್ — ಬೆರಳು ಹಿಡಿಯ ಮೇಲೆ ಇದೆ, ಎತ್ತಿದರೆ ಹಿಂದಕ್ಕೆ ಹೋಗುತ್ತದೆ, ಮೊಣಕಾಲು ನೋಯುತ್ತಿದೆ, ಎದುರಿನ ಗಾಜಿನಲ್ಲಿ ನಡುವೆ ಒಂದಿಷ್ಟು ರಸ್ತೆ, ಪಕ್ಕದ ಸೀಟು, ಕಿಟಕಿಯ ಕಡೆಯದು, ಕತ್ತು ತಿರುಗಿಸಿದರಷ್ಟೇ ಕಾಣುತ್ತದೆ, ಹಿಡಿ ಎತ್ತಲಿಲ್ಲ, ಈ ಸೀಟು, ಮುಂದಕ್ಕೆ ಸರಿದ ಈ ಸೀಟು, ಅವಳ ಕಾಲಿನ ಅಳತೆಗೆ —