ಹಾಲುಕ್ಕಿಸದ ಮನೆ

ಶಾಲೆಯಲ್ಲಿ ಉಳಿದದ್ದು ಏಳು ಮಕ್ಕಳು. ಹತ್ತಾದರೂ ಆಗದಿದ್ದರೆ ಮುಂದಿನ ವರ್ಷ ಇದನ್ನು ಮುಚ್ಚಿ ಎಲ್ಲರನ್ನೂ ಹತ್ತಿರದ ಯಗಟಿಯ ಶಾಲೆಗೆ ಸೇರಿಸುತ್ತೇವೆಂದು ಮೇಲಿನವರು ಹೇಳಿಹೋಗಿದ್ದರು. ಬಿಸಿಯೂಟದ ಅಡುಗೆಗೆ ಕೈಜೋಡಿಸುತ್ತಿದ್ದ ಸಂಘಮಿತ್ರಾ ಅಕ್ಷರ ಕಲಿತದ್ದು ಈ ಶಾಲೆಯಲ್ಲೇ. ಎಂಟನೇ ಕ್ಲಾಸಿಗೆ ಓದು ಬಿಟ್ಟ ಮೇಲೆ ಅವಳಿಗೆ ಸಿಕ್ಕ ಕೆಲಸವೂ ಅಲ್ಲೇ.

"ಮನೆ ಎದ್ವು, ಮಕ್ಳು ಹೋದ್ವು," ಎನ್ನುತ್ತಿದ್ದಳು ಮುಖ್ಯ ಅಡುಗೆಯ ಉಚ್ಚಂಗಮ್ಮ. "ತಾರಸಿಗೆ ಮಗ್ಗಿ ಹೇಳ್ಕೊಡಕ್ಕಾಯ್ತದಾ?"

ದುಡಿಯಲು ಹೊರಗೆ ಹೋದವರು ಕಟ್ಟಿಸಿದ ನಾಲ್ಕು ತಾರಸಿ ಮನೆಗಳು ಕೇರಿಯಲ್ಲಿದ್ದವು. ಬೀಗದ ಕೈಗಳು ಸಂಘಮಿತ್ರಾಳ ಬಳಿ. ವಾರಕ್ಕೊಮ್ಮೆ ಅವಳೇ ಗುಡಿಸುವಳು. ಮೂರರಲ್ಲಿ ಸಾಮಾನು ತುಂಬಿತ್ತು. ಖಾಲಿಯಿದ್ದದ್ದು ಅವಳ ದೊಡ್ಡಪ್ಪನ ಮಗ ಚಂದ್ರಕುಮಾರನದೊಂದೇ. ಹೊಸೂರಿನಲ್ಲಿ ಪೇಂಟಿಂಗ್ ಕೆಲಸದಲ್ಲಿದ್ದ ಅವನಿಗೆ ರಜೆ ಸಿಗದೆ ಗೃಹಪ್ರವೇಶ ಹಾಗೇ ನಿಂತಿತ್ತು. ಮನೆಯಾಕೆ ಹಾಲುಕ್ಕಿಸುವ ಮೊದಲು ಬೇರೆಯವರು ಅಲ್ಲಿ ಒಲೆ ಹೊತ್ತಿಸಬಾರದೆಂಬುದು ಕೇರಿಯ ನಂಬಿಕೆ.

ದೀಪಾವಳಿ ಕಳೆದ ಮೇಲೆ, ಅಜ್ಜಂಪುರದ ಕಡೆಯಿಂದ ತೋಡುತ್ತ ಬಂದ ಕಾಲುವೆ ಕೆಲಸದ ಜೊತೆ ರಾಯಚೂರು ಸೀಮೆಯವರು ಬಂದರು. ಅವರಲ್ಲೊಬ್ಬಳು ಮಾಯಾ. ಒಂದು ಮಧ್ಯಾಹ್ನ ಮೂವರು ಮಕ್ಕಳೊಂದಿಗೆ ಶಾಲೆಯ ಗೇಟಿಗೆ ಬಂದು ನಿಂತಳು.

"ಯಕ್ಕಾ, ಟೆಂಟಿನ್ಯಾಗ ಹಾವು ಬರ್ತಾವ್ರಿ. ಒಂದ್ ಮನಿ ಕೊಡಸ್ರಿ. ಎರಡು ವರ್ಷ ಕೆಲ್ಸ ಐತಿ. ಹುಡುಗ್ರು ಇಲ್ಲೇ ಸಾಲಿ ಕಲೀತಾವ."

ಏಳು, ಮೂರು, ಹತ್ತು. ಸಂಘಮಿತ್ರಾ ಮನಸ್ಸಿನಲ್ಲೇ ಕೂಡಿದಳು. "ಸಾಯಂಕಾಲ ಬನ್ನಿ, ಕೇಳಿ ಹೇಳ್ತೀನಿ," ಎಂದಳು.

ಹಿತ್ತಲಲ್ಲಿ ಕೂತು ಚಂದ್ರಕುಮಾರಣ್ಣನ ನಂಬರ್ ಒತ್ತಿದಳು; ರಿಂಗಾಗುವ ಮೊದಲೇ ಕಟ್ ಮಾಡಿದಳು. ಮತ್ತೆ ಒತ್ತಿದಳು, ಮತ್ತೆ ಕಟ್ ಮಾಡಿದಳು. ಹಾಲುಕ್ಕಿಸದ ಮನೆಯನ್ನು ಕೇಳುವುದು ಹೇಗೆ? ಪ್ರಜ್ಞಾ ಅತ್ತಿಗೆ ಏನೆಂದುಕೊಂಡಾರು? ಮಾಯಾ ಬರುವ ಹೊತ್ತಿಗೆ ಅವಳ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು.

"ಕೇಳ್ದೆ. ಅವ್ರು ಒಪ್ಲಿಲ್ಲ."

"ಇರ್ಲಿ ಬಿಡ್ರಿ," ಎಂದು ಮಾಯಾ ಚಿಕ್ಕವನನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ವಾರದೊಳಗೆ ಆ ಗುಂಪಿನವರೆಲ್ಲ ಯಗಟಿಯಲ್ಲಿ ಮನೆ ಹಿಡಿದರು. ಕೇಳಿದವರಿಗೆಲ್ಲ ಸಂಘಮಿತ್ರಾ ಅದೇ ಸುಳ್ಳು ಹೇಳಿದಳು.

ಬೇಸಿಗೆ ರಜೆ ಮುಗಿದರೂ ಶಾಲೆ ತೆರೆಯಲಿಲ್ಲ. ದೊಡ್ಡ ಪಾತ್ರೆಗಳೂ ಆಟೋ ಹತ್ತಿ ಯಗಟಿಗೆ ಹೋದವು.

ಮರುವಾರ ಚಂದ್ರಕುಮಾರ ಹೆಂಡತಿ, ಆರು ವರ್ಷದ ಮಗಳೊಂದಿಗೆ ಬಂದ. ಹಾಲು ಉಕ್ಕಿತು, ಕೇರಿಗೆಲ್ಲ ಊಟವಾಯಿತು. ಎಲೆಯಡಿಕೆ ಹಾಕುತ್ತ ಅವನು ಕೇಳಿದ, "ಶಾಲೆ ಯಾವತ್ತಿಂದ ಕಣವ್ವ? ಇವಳನ್ನ ಸೇರಿಸ್ಬೇಕು. ಇವ್ರಿಬ್ರೂ ಇಲ್ಲೇ ಇರ್ತಾರೆ. ನಾನೂ ಕಡೂರಲ್ಲೇ ಏನಾದ್ರೂ ಕೆಲ್ಸ ಹಿಡೀತೀನಿ."

ಸಂಘಮಿತ್ರಾ ಊಟದೆಲೆ ಎತ್ತಲು ಬಾಗಿದಳು. ಉಚ್ಚಂಗಮ್ಮನೇ ಹೇಳಿದಳು, "ಮುಚ್ಚೋಯ್ತಲ್ಲಪ್ಪ! ಮೂರೇ ಮಕ್ಳು ಸಾಲ್ದೆ ಹೋದ್ವು. ಆ ರಾಯಚೂರೋರಿಗೆ ನೀನು ಮನೆ ಕೊಟ್ಟಿದ್ರೆ ಉಳ್ಕಳದು."

"ನನ್ನ ಯಾರು ಕೇಳಿದ್ರು?"

ಎಲ್ಲರೂ ಸಂಘಮಿತ್ರಾಳ ಕಡೆ ತಿರುಗಿದರು.

"ಕೇಳ್ಲಿಲ್ಲ ಅಣ್ಣ," ಎಂದಳು, ನೆಲ ನೋಡುತ್ತ. "ಇನ್ನೂ ಹಾಲುಕ್ಕಿಸಿರ್ಲಿಲ್ಲ, ಅದ್ಕೆ..."

"ಅಯ್ಯೋ ಹುಚ್ಚಿ," ಎಂದಳು ಪ್ರಜ್ಞಾ. "ಮೂರು ಮಕ್ಳಿರೋ ಮನೇಲಿ ಹಾಲು ದಿನಾ ಉಕ್ತಿತ್ತಲ್ಲೇ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಸಣ್ಣ ಹುಡುಗಿಯನ್ನು ದಿನಾ ಯಗಟಿಯ ಬಸ್ಸಿಗೆ ಹತ್ತಿಸುವ ಮಾತು ಸ್ವಲ್ಪ ಹೊತ್ತು ನಡೆದು, ತಾನೇ ನಿಂತುಹೋಯಿತು.

ಮೂರನೇ ದಿನ ಅವರು ಹೊಸೂರಿಗೆ ಹೊರಟರು. ಸಂಘಮಿತ್ರಾ ಬ್ಯಾಗು ಹೊತ್ತು ಸ್ಟಾಪಿನ ತನಕ ಹೋದಳು.

"ಅತ್ತೆ, ನಿಮ್ಮೂರಲ್ಲಿ ಆಡಕ್ಕೆ ಮಕ್ಳೇ ಇಲ್ವಾ?" ಎಂದಿತು ಮಗು. ನಮ್ಮೂರು ಎನ್ನಲಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ಚಂದ್ರಕುಮಾರ ತಿರುಗಿ, "ಇನ್ಮೇಲೆ ಯಾರಾದ್ರೂ ಮನೆ ಕೇಳಿದ್ರೆ ಕೊಟ್ಬಿಡವ್ವ. ನನ್ನ ಕೇಳೋದೇ ಬೇಡ," ಎಂದ.

ಅವಳು ತಲೆಯಾಡಿಸಿದಳು. ಕೇಳಬೇಕಾದವರೆಲ್ಲ ಯಗಟಿಯಲ್ಲಿ ನೆಲೆಯಾಗಿದ್ದರು. ಅಲ್ಲಿ ಶಾಲೆಯಿತ್ತು.