ಅರ್ಧಕ್ಕೆ ನಿಲ್ಲದ ರೇಡಿಯೊ

“ಇವತ್ತರೆ ಕೆಡತೈತೋ ಇಲ್ಲೋ?”

ಶಿವಯೋಗೆಪ್ಪ ಯಾರನ್ನೂ ಕೇಳಲಿಲ್ಲ. ಟಿಕೋಟದ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಗಾಳಿಗೆ ಕೇಳಿದ. ಒಳಗೆ ಗೂಡಿನಲ್ಲಿದ್ದ ರೇಡಿಯೊ ಸಂಜೆಯ ಭಜನೆ ಪದವನ್ನು ಮೊದಲ ನುಡಿಯಿಂದ ಕಡೆಯ ನುಡಿಯವರೆಗೆ ಎಲ್ಲೂ ತಡವರಿಸದೆ ಹಾಡಿ ಮುಗಿಸಿತು.

ಓಣಿಗೆಲ್ಲ ಅದೊಂದೇ ಟ್ರಾನ್ಸಿಸ್ಟರ್. ಹೆಂಡತಿ ಗುರುಬಾಯಿಯ ತವರು ಬಬಲೇಶ್ವರದಿಂದ ಬಂದದ್ದು. ಅವಳಣ್ಣ ಹೊಸದು ಕೊಂಡಾಗ ಹಳೆಯದನ್ನು ತಂಗಿಗೆ ಕೊಟ್ಟಿದ್ದ. ಪದ ರಂಗೇರುವ ಹೊತ್ತಿಗೆ ಸರಿಯಾಗಿ ಗಕ್ಕನೆ ನಿಲ್ಲುವುದು ಮೊದಲು ಅದರ ಗುಣವಾಗಿತ್ತು. ಶಿವನ ಪದವನ್ನು ಅರ್ಧಕ್ಕೆ ಬಿಟ್ಟರೆ ಪಾಪ ಎಂದು ಓಣಿಯವರ ನಂಬಿಕೆ. ಉಳಿದ ನುಡಿಗಳನ್ನು ಯಾರಾದರೂ ಹಾಡಿ ಮುಗಿಸಲೇಬೇಕು. ತಾಯಿಯ ಬಾಯಿಂದ ಕೇಳಿ ಕೇಳಿ ಪದಗಳೆಲ್ಲ ಬಾಯಿಗೆ ಬಂದಿದ್ದವನು ಶಿವಯೋಗೆಪ್ಪ ಒಬ್ಬನೇ. ಹಗಲೆಲ್ಲ ನಾಲ್ಕು ಮಾತಾಡದ ಮನುಷ್ಯ ಆಗ ಕಣ್ಣು ಮುಚ್ಚಿ ದನಿ ಎತ್ತುತ್ತಿದ್ದ. ಶೇಂಗಾ ಸುಲಿಯುತ್ತ ಕೂತ ಹೆಂಗಸರ ಕೈ ನಿಲ್ಲುತ್ತಿತ್ತು. ಗುರುಬಾಯಿ ಕೂಡ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

ಎಲ್ಲ ಕೆಟ್ಟದ್ದು ಪಕ್ಕದ ಮನೆಯ ಹೊಳೆವ್ವನ ಬಾಯಿಂದ. “ನಿನ್ನ ತವರಮನಿಯವರಂಗ ಐತಿ ನೋಡ ಬೇ, ನಡಬರಕ ಕೈ ಬಿಡತೈತಿ” ಅಂದಳು.

ಗುರುಬಾಯಿ ಅಂದು ಉಣ್ಣಲಿಲ್ಲ. ಬೆಳಗಾಗುತ್ತಲೇ ಗಂಡನ ಕೈಗೆ ರೇಡಿಯೊ ಕೊಟ್ಟು ವಿಜಾಪುರದ ಬಸ್ಸು ಹತ್ತಿಸಿದಳು. ಗಾಂಧಿ ಚೌಕದ ರಿಪೇರಿಯ ಇಸಾಕ, ಒಳಗೆ ಕಳಚಿಕೊಂಡಿದ್ದ ತಂತಿಯೊಂದಕ್ಕೆ ಬೆಸುಗೆ ಹಾಕಿದ. ಇನ್ನು ಜನ್ಮದಲ್ಲಿ ಚಿಂತೆಯಿಲ್ಲ ಎಂದು ಅವನು ಹೇಳಿದಾಗ ಶಿವಯೋಗೆಪ್ಪ ಕೈ ಮುಗಿದೇ ಬಂದಿದ್ದ.

ಚಿಂತೆ ಇರಲಿಲ್ಲ, ನಿಜ. ರೇಡಿಯೊ ಹಾಡಿತು, ಹೆಂಗಸರು ಸುಲಿದರು, ಗುರುಬಾಯಿ ಒಲೆಯ ಮುಂದಿನಿಂದ ಏಳದೆಯೇ ತವರನ್ನು ಹೊಗಳಿದಳು. ಸೆಲ್ ಇಳಿಯುವ ಮೊದಲೇ ಹೊಸವನ್ನು ತರಿಸಿಟ್ಟಳು. ಒಂದು ಸಂಜೆ ಶಿವಯೋಗೆಪ್ಪ ರೇಡಿಯೊದ ಜೊತೆಗೇ ದನಿ ಕೂಡಿಸಿ ನೋಡಿದ. ಪದ ಕೇಳಗೊಡು ಎಂದು ಹೊಳೆವ್ವ ಗದರಿದಳು.

ಶೇಂಗಾ ಸುಗ್ಗಿ ಮುಗಿದರೂ ಅದು ಕೆಡಲಿಲ್ಲ. ಕೊನೆಗೆ, ಸ್ವಲ್ಪ ಗರಗರ ಅನ್ನುತ್ತಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ, ಹೆಗಲ ಟಾವೆಲಿನಲ್ಲಿ ಅದನ್ನು ಸುತ್ತಿಕೊಂಡು ಮತ್ತೆ ಗಾಂಧಿ ಚೌಕಕ್ಕೆ ಹೋದ.

ಇಸಾಕ ಕಿವಿಗೆ ಹಿಡಿದು ನೋಡಿದ. “ಚಲೋ ಐತೆಲ್ಲರಿ ಕಾಕಾ.”

“ಅದಕ್ಕ ಬಂದೇನಿ. ಮೊದಲಿನಂಗ ಮಾಡಿಕೊಡು.”

ಇಸಾಕನಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದ ಮೇಲೆ ನಕ್ಕ. ಪದ ಅರ್ಧವಾದಾಗ ನೀವೇ ಬಂದ್ ಮಾಡಿರಲ್ಲ, ಗುಂಡಿ ಇರುವುದೇ ಅದಕ್ಕೆ ಎಂದ.

ಶಿವಯೋಗೆಪ್ಪ ಹಿಂದೆಮುಂದೆ ನೋಡಿ ದನಿ ತಗ್ಗಿಸಿದ. “ನನ್ನ ಕೈಲೆ ಬಂದ್ ಮಾಡಿದ್ರ ಶಿವನ ಪದಾ ಕಡದ ಪಾಪ ನನಗ ಬರತೈತಿ, ತಮ್ಮಾ. ತಾನ ಕೆಟ್ಟು ನಿಂತರ ಯಾರ ತಪ್ಪೂ ಅಲ್ಲ.”

ಇಸಾಕನ ನಗು ನಿಂತಿತು. ರೇಡಿಯೊವನ್ನು ಟಾವೆಲಿನಲ್ಲಿ ಮೊದಲಿನಂತೆಯೇ ಸುತ್ತಿ ಅವನ ಕಡೆಗೆ ಸರಿಸಿದ.

“ಹಂಗಂದ್ರ ಆ ಪಾಪ ನನಗ ಹಚ್ಚಾಕ ಬಂದೀರೇನ್ರಿ? ನಾ ಮಾಡಂಗಿಲ್ಲ.”