ಅಣ್ಣಯ್ಯನಿಗೆ ಟ್ರಂಕ್ ಕಾಲ್

ನನ್ನ ಗಂಡನಿಗೆ ಅಮೆರಿಕದಲ್ಲಿ ಲೇತ್ ಕೆಲಸ. ಬೊಂಬಾಯಿಯ ಕಂಪನಿಯವರು ಯಂತ್ರ ಕೂರಿಸಲು ಕಳಿಸಿದ್ದರು. ಅಲ್ಲಿನ ವರ್ಕ್‌ಶಾಪಿನ ಮಾಲೀಕ ಇವರ ಕೆಲಸ ಮೆಚ್ಚಿ ಇಟ್ಟುಕೊಂಡ, ಅಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿಗೂ ಅರ್ಜಿ ಹಾಕಿದ. ಆ ಕಾರ್ಡು ಬಂದರೆ ನಾನೂ ಮಗಳೂ ಹೋಗಬಹುದು, ಬರದಿದ್ದರೆ ಇಲ್ಲ. ಮಗಳಿಗೆ ಐದು ತುಂಬಿತ್ತು. ಅಪ್ಪನನ್ನು ಫೋಟೋದಲ್ಲಿ ಬಿಟ್ಟರೆ ಅವಳು ಕಂಡವಳಲ್ಲ. ಮುತ್ತು ಕೊಟ್ಟೂ ಕೊಟ್ಟೂ ಫೋಟೋದ ಮೂಗು ಮಾಸಿತ್ತು.

1983ರ ಮಾರ್ಚ್ ಇಪ್ಪತ್ತೆಂಟಕ್ಕೆ ಸಂತೇಬೆನ್ನೂರಿಗೆ ಅವರ ಕಾಗದ ಬಂತು. ಬೇರೆ ವರ್ಕ್‌ಶಾಪಿನವರು ಜಾಸ್ತಿ ಸಂಬಳ ಕೊಡುತ್ತಾರೆ, ಮೂವತ್ತನೇ ತಾರೀಕು ಬೆಳಿಗ್ಗೆ ಈ ಮಾಲೀಕನಿಗೆ ರಾಜೀನಾಮೆ ಕೊಡುತ್ತೇನೆ, ಕಾರ್ಡು ಹೇಗಿದ್ದರೂ ನನ್ನ ಹೆಸರಿಗೇ ಬರುವುದಲ್ಲವೇ ಎಂದು ಬರೆದಿದ್ದರು. ಮಾಲೀಕನನ್ನು ಬಿಟ್ಟರೂ ಕಾರ್ಡು ಬರುತ್ತದೆಯೇ ಎಂದು ನನಗೆ ಅನುಮಾನ ಬಂತು. ಮರುದಿನ ಮೊದಲ ಬಸ್ಸಿಗೇ ಅತ್ತೆ ಗಾದ್ರಮ್ಮನವರ ಜೊತೆ ಬಸವಾಪಟ್ಟಣಕ್ಕೆ ಹೋದೆ. ಅಲ್ಲಿನ ಜಯದೇವಪ್ಪ ಮೇಷ್ಟ್ರ ಬಾಮೈದ ಅಮೆರಿಕದಲ್ಲಿದ್ದ.

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. "ಅರ್ಜಿ ಹಾಕಿರೋನು ಮಾಲೀಕ ಕಣಮ್ಮ. ಅವನ್ನ ಬಿಟ್ರೆ ಆ ಅರ್ಜಿ ಅಲ್ಲಿಗೇ ಮುಗೀತು. ಹೊಸಬ ಮೊದ್ಲಿಂದ ಹಾಕ್ಬೇಕು. ನನ್ನ ಬಾಮೈದ ಹಿಂಗೇ ಮಾಡ್ಕೊಂಡು ನಾಲ್ಕು ವರ್ಷ ಕಳ್ಕೊಂಡ. ಇವತ್ತೇ ಟ್ರಂಕ್ ಕಾಲ್ ಮಾಡು," ಎಂದರು.

ಚನ್ನಗಿರಿಯ ಪೋಸ್ಟಾಫೀಸು ಮುಟ್ಟಿದಾಗ ಮಧ್ಯಾಹ್ನ. ಕಿಟಕಿಯ ಹಿಂದೆ ಸುಬಾನಸಾಬರು ಕೂತಿದ್ದರು. ನಾನು ಕೊಟ್ಟ ನಂಬರು ಬರೆದುಕೊಂಡು, "ಆ ಮನೇಲಿ ಎಂಟು ಜನ ಇರ್ತಾರೆ ಅಂತೀರಿ. ಹೆಸರು ಹೇಳಿ ಬುಕ್ ಮಾಡಿದ್ರೆ ಅವ್ರನ್ನೇ ಕರೆದು ಕೊಡ್ತಾರೆ. ಹೆಸರೇನಮ್ಮ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ. ಕಟ್ಟಿಕೊಂಡವನ ಹೆಸರನ್ನು ನಮ್ಮಲ್ಲಿ ಹೆಂಗಸರು ಬಾಯಲ್ಲಿ ಹೇಳುವುದಿಲ್ಲ. ಅತ್ತೆಯ ಕಡೆ ನೋಡಿದೆ. ಅವರದ್ದೂ ಅದೇ ಪಾಡು. ಮಗನಿಗೆ ಇಟ್ಟಿದ್ದು ಅವರ ಮಾವನ ಹೆಸರು, ಮಾವನ ಹೆಸರನ್ನು ಸೊಸೆ ಎತ್ತುವಂತಿಲ್ಲ. ಮೊಣಕೈಯಲ್ಲಿ ಒಬ್ಬರನ್ನೊಬ್ಬರು ತಿವಿದುಕೊಂಡದ್ದೇ ಬಂತು.

"ಅಣ್ಣಯ್ಯ ಅಂತ ಬರ್ಕೊಳ್ರಿ," ಎಂದರು ಅತ್ತೆ. ಮನೆಯಲ್ಲಿ ಎಲ್ಲರೂ ಕರೆಯುವುದು ಹಾಗೇ. ನಾನೂ ಹೂಂ ಎಂದೆ. ಏಳನೇ ಕ್ಲಾಸು ಓದಿದವಳು, ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಆಗುತ್ತಿತ್ತು. ಹಾಳಾದ್ದು, ಹೊಳೆಯಲೇ ಇಲ್ಲ.

ಆವತ್ತು ಲೈನು ಸಿಗಲಿಲ್ಲ. ರಾತ್ರಿ ನೆಂಟರಾದ ಕೆಂಪಕ್ಕನ ಮನೆಯಲ್ಲಿ ಮಲಗಿ, ಮೂವತ್ತರ ಬೆಳಿಗ್ಗೆ ಏಳಕ್ಕೇ ಬಂದು ಕೂತೆವು. ಅಲ್ಲಿ ಇನ್ನೂ ಇಪ್ಪತ್ತೊಂಬತ್ತರ ರಾತ್ರಿ, ಹೊತ್ತು ಮೀರಿಲ್ಲ ಎಂದು ಸುಬಾನಸಾಬರೇ ಧೈರ್ಯ ಹೇಳಿದರು. ಎಂಟಕ್ಕೆ ಫೋನಿನ ಗಂಟೆ ಬಾರಿಸಿತು. ಸುಬಾನಸಾಬರು ಕಿವಿಗಿಟ್ಟುಕೊಂಡು ಕೇಳಿ, ಕೆಳಗಿಟ್ಟರು.

"ಅಂಥೋರು ಯಾರೂ ಇಲ್ವಂತಮ್ಮ."

ಮನೆಯನ್ನೂ ಬಿಟ್ಟು ಹೋದರೇ, ಜೀವಕ್ಕೇನಾದರೂ ಆಯಿತೇ ಎಂದು ಇಲ್ಲದ್ದೆಲ್ಲ ತಲೆಗೆ ಬಂತು. ಅತ್ತೆ, "ಎಲ್ಲಿಗೆ ಹೋದ ನನ್ ಮಗ," ಎನ್ನುತ್ತಾ ಬೆಂಚಿನ ಮೇಲೆ ಕುಸಿದರು. ಇಬ್ಬರೂ ಅಲ್ಲೇ ಅಳುತ್ತಾ ಕೂತೆವು. ಎಷ್ಟೋ ಹೊತ್ತಾದ ಮೇಲೆ ಸುಬಾನಸಾಬರು ಕಿಟಕಿಯಿಂದ ಬಗ್ಗಿ, "ಅಲ್ಲಿನೋರೂ ಅವ್ರನ್ನ ಅಣ್ಣಯ್ಯ ಅಂತಾನೇ ಕರೀತಾರಾ?" ಎಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನನಗೆ ನನ್ನ ಮೇಲೇ ಮೈಯೆಲ್ಲ ಉರಿದುಹೋಯಿತು. ಎದ್ದು ಕಿಟಕಿಗೆ ಹೋಗಿ, ಇಡೀ ಆಫೀಸಿಗೆ ಕೇಳುವಂತೆ ಹೇಳಿದೆ: "ಮಹೇಶ್ವರಪ್ಪ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ದಿನವಿಡೀ ಕಾದರೂ ಲೈನು ಸಿಗಲಿಲ್ಲ. ಸಿಕ್ಕಿದ್ದು ಮೂವತ್ತೊಂದರ ಬೆಳಿಗ್ಗೆ.

"ಯಾರು?" ಎಂದಿತು ಆ ಕಡೆಯ ದನಿ. ಐದು ವರ್ಷದ ಮೇಲೆ ಕೇಳುತ್ತಿದ್ದೆ.

"ನಾನು ರೀ. ಕೆಲ್ಸ ಬಿಡಬ್ಯಾಡ್ರಿ. ಬಿಟ್ರೆ ಅರ್ಜಿನೇ ಹೋಗ್ತೈತಂತೆ."

ಲೈನು ಗರಗರ ಎನ್ನುತ್ತಿತ್ತು, ಅದನ್ನೇ ಮೂರು ಸಲ ಕಿರುಚಿ ಹೇಳಬೇಕಾಯಿತು.

"ಇವತ್ತು ಬೆಳಗ್ಗೆ ಕೊಟ್ಬಿಟ್ಟೆ ಕಣೇ. ನನ್ನ ಜಾಗಕ್ಕೆ ಬೇರೆಯವನ್ನ ತಗೊಂಡೂ ಆಯ್ತು," ಎಂದರು. ಆಮೇಲೆ ಕೇಳಿದರು: "ನಿನ್ನೆ ರಾತ್ರಿ ಇಂಡಿಯಾದಿಂದ ಯಾರೋ ಅಣ್ಣಯ್ಯನ್ನ ಕೇಳಿದ್ರಂತೆ. ನಾನು ಸ್ನಾನಕ್ಕೆ ಹೋಗಿದ್ದೆ. ರೂಮಿನೋನು ಈಗ ಹೇಳ್ದ. ನೀನೇನಾ?"

ನಾನು ಉತ್ತರ ಕೊಡುವಷ್ಟರಲ್ಲಿ ಬುಕ್ ಮಾಡಿದ್ದ ಮೂರು ನಿಮಿಷ ಮುಗಿದು ಲೈನು ಕಡಿಯಿತು.

ಹೊಸ ಮಾಲೀಕ ಮೊದಲಿಂದ ಅರ್ಜಿ ಹಾಕಿದ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಅಷ್ಟರೊಳಗೆ ಮಗಳು ಆ ಫೋಟೋ ಕೇಳುವುದನ್ನು ಯಾವಾಗ ಬಿಟ್ಟಳೋ ನನಗೂ ಗೊತ್ತಾಗಲಿಲ್ಲ. ಅಂತೂ ನಾವು ಹೊರಟ ದಿನ, ಮೈದುನನ ಕೈ ಹಿಡಿದು ಅತ್ತೆ ಚನ್ನಗಿರಿಯ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ಬಿಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು ನನ್ನ ಕೈ ಅಮುಕಿದರು.

"ಮಹೇಶ್ವರಪ್ಪನ್ನ ನಾನು ಕೇಳ್ದೆ ಅಂತ ಹೇಳು," ಎಂದರು.

ಮಗಳು ನನ್ನ ಸೆರಗು ಜಗ್ಗಿ, "ಮಹೇಶ್ವರಪ್ಪ ಅಂದ್ರೆ ಯಾರಮ್ಮ?" ಎಂದು ಕೇಳಿದಳು.